2017ರ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿಸಬಹುದಾ?

ನೀವು ಕೇಳಿರುವುದು ಇಷ್ಟು. ತಂದೆಯವರ ಲ್ಯಾಪ್‌ಟಾಪ್ 2017ರದ್ದು. ಐ5-7200ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್, ವಿಂಡೋಸ್ 10. ಅದರ ತುಂಬ ಅವರು ವರ್ಷಗಟ್ಟಲೆ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಫೈಲುಗಳಿವೆ. ಬೆಂಗಳೂರಿನ ಎಸ್.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ‘ಒಂದು ಗಂಟೆ ಸಾರ್, ವಿಂಡೋಸ್ 11 ಹಾಕಿಕೊಡ್ತೀವಿ’ ಅಂದಿದ್ದಾರೆ. ಕೊಡಬಹುದಾ?

ಬೇಡ. ಸದ್ಯಕ್ಕಂತೂ ಬೇಡ.

ಐ5 ಆದಮೇಲೆ ಬರುವ ಅಂಕಿ ನೋಡಿ. 7200 ಅಂದರೆ ಏಳನೇ ತಲೆಮಾರು. ವಿಂಡೋಸ್ 11ಕ್ಕೆ ಇಂಟೆಲ್‌ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದ್ದಾದರೂ ಇರಬೇಕು, ಜೊತೆಗೆ ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಪಾಡುವ ಸುರಕ್ಷತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ಶುರುವಾಗುವಾಗ ನಂಬಿಕಸ್ಥ ಸಾಫ್ಟ್‌ವೇರ್‌ಗೆ ಮಾತ್ರ ಅವಕಾಶ ಕೊಡುವ ವ್ಯವಸ್ಥೆ) ಬೇಕು. ಏಳನೇ ತಲೆಮಾರಿನಲ್ಲಿ ಬೆರಳೆಣಿಕೆಯಷ್ಟಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ನಿಮ್ಮದು ಆ ಪಟ್ಟಿಯಲ್ಲಿಲ್ಲ. ಮೈಕ್ರೋಸಾಫ್ಟ್‌ನದ್ದೇ ಪಿಸಿ ಹೆಲ್ತ್ ಚೆಕ್ ಅನ್ನುವ ತಪಾಸಣೆ ಸಾಫ್ಟ್‌ವೇರ್ ಹಾಕಿ ನೋಡಿದರೂ ಇದನ್ನೇ ಹೇಳುತ್ತದೆ.

ಹಾಗಾದರೆ ಅಂಗಡಿಯವರು ಸುಳ್ಳು ಹೇಳಿದರಾ? ಇಲ್ಲ. ಹಾಕೋಕೆ ಆಗುತ್ತದೆ. ರೂಫಸ್ ಅಂತ ಪುಟ್ಟ ಸಾಫ್ಟ್‌ವೇರ್ ಇದೆ, ಪೆನ್‌ಡ್ರೈವ್ ತಯಾರು ಮಾಡುವಾಗಲೇ ಈ ತಪಾಸಣೆಗಳನ್ನೆಲ್ಲ ತೆಗೆದುಹಾಕುತ್ತದೆ. 2022ರಲ್ಲಿ ನಾನೂ ನನ್ನ ಹಳೇ ಲ್ಯಾಪ್‌ಟಾಪಿಗೆ ಹೀಗೇ ಹಾಕಿದ್ದೆ. ಚೆನ್ನಾಗೇ ಓಡಿತು. ತಿಂಗಳ ಅಪ್‌ಡೇಟ್‌ಗಳೂ ಬಂದವು. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಮಾತ್ರ ತಾನಾಗಿ ಬರಲೇ ಇಲ್ಲ. ಮತ್ತೆ ಪೆನ್‌ಡ್ರೈವ್, ಮತ್ತೆ ಅದೇ ಸರ್ಕಸ್. ಹೋಮ್ ಆವೃತ್ತಿಯಲ್ಲಿ ಒಂದೊಂದು ರಿಲೀಸ್‌ಗೂ 24 ತಿಂಗಳಷ್ಟೇ ಬೆಂಬಲ. ಅಷ್ಟರೊಳಗೆ ಇದನ್ನು ಮತ್ತೆ ಮಾಡಲೇಬೇಕು. ನನಗೆ ಇದೊಂದು ಚಟ, ಮಾಡಿಕೊಂಡೆ. ನಿಮ್ಮ ತಂದೆಯವರಿಗೆ ಯಾರು ಮಾಡಿಕೊಡ್ತಾರೆ? ಅದಕ್ಕೇ ಹೇಳಿದ್ದು, ಹಾಕೋಕೆ ಆಗುತ್ತಾ ಅನ್ನುವುದಕ್ಕಿಂತ ಆಮೇಲೆ ನೋಡಿಕೊಳ್ಳುವವರು ಯಾರು ಅಂತ ಮೊದಲು ಯೋಚನೆ ಮಾಡಿ.

ಹಾಗಂತ ವಿಂಡೋಸ್ 10ನ್ನು ಇದ್ದ ಹಾಗೇ ಬಿಡೋಕೂ ಆಗಲ್ಲ. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಾದ ಮೇಲೂ ಮನೆಬಳಕೆಯವರಿಗೆ ಸುರಕ್ಷತಾ ಅಪ್‌ಡೇಟ್ ಕೊಡುವ ಇಎಸ್‌ಯು ಅನ್ನುವ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆ ಅಂತ ಮೈಕ್ರೋಸಾಫ್ಟ್ ತಂದಿದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲ. ವಿಂಡೋಸ್ 10 ಮಾತ್ರ 22ಎಚ್2 ಆವೃತ್ತಿಯಲ್ಲಿರಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಕೊಂಡಿ ಕಾಣುತ್ತದೆ. ಇವತ್ತೇ ಮಾಡಿ.

ಈಗ ನುಡಿ ಫೈಲುಗಳ ವಿಷಯ. ನನಗೆ ನಿಜವಾಗಿ ಭಯ ಇರುವುದು ಇಲ್ಲೇ. ಅಂಗಡಿಯಲ್ಲಿ ‘ಹಾಕಿಕೊಡ್ತೀವಿ’ ಅಂದರೆ ಸಾಮಾನ್ಯವಾಗಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕ್ತಾರೆ ಅಂತಲೇ ಅರ್ಥ. ‘ಡೇಟಾ ಬ್ಯಾಕಪ್ ತಗೋತೀವಿ ಸಾರ್’ ಅಂತಾರೆ, ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಕಾಪಿ ಮಾಡ್ತಾರೆ. ನಮ್ಮ ಮಾವನವರ ಕಂಪ್ಯೂಟರಿನಲ್ಲಿ ಹೀಗೇ ಆಯಿತು. ಫೈಲುಗಳೆಲ್ಲ ಇದ್ದವು. ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಚುಕ್ಕಿ, ಟೋಪಿ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ‘ವೈರಸ್ ಬಂತಾ?’ ಅಂದರು. ವೈರಸ್ ಅಲ್ಲ. ಹಳೇ ನುಡಿಯಲ್ಲಿ ಕನ್ನಡ ಕಾಣುತ್ತಿದ್ದದ್ದು ಫಾಂಟ್‌ನ ಬಲದಿಂದ, ಅದು ಯೂನಿಕೋಡ್ (ಎಲ್ಲಾ ಕಂಪ್ಯೂಟರುಗಳೂ ಕನ್ನಡ ಅಂತಲೇ ಗುರುತಿಸುವ ಅಕ್ಷರ ಸಂಕೇತ) ಅಲ್ಲ. ಫಾಂಟ್ ಹೋದರೆ ಕನ್ನಡವೂ ಹೋದ ಹಾಗೆ ಕಾಣುತ್ತದೆ. ಅದೇ ಫಾಂಟನ್ನು ಮತ್ತೆ ಹಾಕಿದ ಕೂಡಲೇ ಎಲ್ಲಾ ವಾಪಸ್ ಬಂತು. ಆದರೆ ಅಷ್ಟರಲ್ಲಿ ಅವರು ಎರಡು ರಾತ್ರಿ ನಿದ್ದೆಗೆಟ್ಟಿದ್ದರು.

ಹಾಗಾಗಿ ನೀವು ಫೈಲುಗಳ ಜೊತೆಗೆ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ನುಡಿಯ ಫಾಂಟುಗಳನ್ನೂ ನಕಲು ಮಾಡಿಟ್ಟುಕೊಳ್ಳಿ. ನುಡಿಯ ಸೆಟಪ್ ಫೈಲ್ ಇದ್ದರೆ ಅದನ್ನೂ. ಮುಖ್ಯವಾದ ಬರಹಗಳನ್ನು ಬಿಡುವಾದಾಗ ಯೂನಿಕೋಡ್‌ಗೆ ಪರಿವರ್ತಿಸಿ, ಅದಕ್ಕೆ ಉಚಿತ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕಣ್ಣಾಡಿಸಿ, ಅಲ್ಲಲ್ಲಿ ಎಡವುತ್ತವೆ. ಬ್ಯಾಕಪ್ ಆಯಿತು ಅಂತ ಪೆನ್‌ಡ್ರೈವ್ ಜೇಬಿಗಿಡಬೇಡಿ. ಅದನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ನಾಲ್ಕು ಫೈಲಾದರೂ ತೆರೆದು ನೋಡಿ.

ಇದನ್ನು ಓದುತ್ತಿರುವ ಬೇರೆಯವರಲ್ಲಿ ಎಂಟನೇ ತಲೆಮಾರಿನ ಲ್ಯಾಪ್‌ಟಾಪ್ ಇದ್ದವರಿಗೂ ಒಂದು ಮಾತು. ವಿಂಡೋಸ್ 10 ಅಸಲಿಯಾಗಿದ್ದರೆ 11 ಪುಕ್ಕಟೆ, ‘ಕೀ’ಗೆ ಅಂತ ಯಾರಿಗೂ ದುಡ್ಡು ಕೊಡಬೇಡಿ. ಹನ್ನೊಂದು ಹಿಡಿಸದಿದ್ದರೆ ಹತ್ತು ದಿನದೊಳಗೆ ಸೆಟ್ಟಿಂಗ್ಸ್‌ನಿಂದಲೇ ಹತ್ತಕ್ಕೆ ವಾಪಸ್ ಬರಬಹುದು. ಆದರೆ ಶುರು ಮಾಡುವ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ನನ್ನ ಹೆಂಡತಿಯ ಲ್ಯಾಪ್‌ಟಾಪ್‌ನಲ್ಲಿ ಅಪ್‌ಗ್ರೇಡ್‌ಗೆ ಮುಂಚೆ ಬಯೋಸ್ (ಲ್ಯಾಪ್‌ಟಾಪನ್ನು ಶುರು ಮಾಡುವ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಬಿಡೋಣ ಅಂತ ಜಾಣತನ ತೋರಿಸಿದೆ. ರೀಸ್ಟಾರ್ಟ್ ಆದರೆ ನೀಲಿ ಪರದೆ. 48 ಅಂಕಿಯ ಕೀ ಕೊಡು ಅನ್ನುತ್ತಿದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದೇ ನಮಗೆ ಗೊತ್ತಿರಲಿಲ್ಲ. ಕೀ ಇದ್ದದ್ದು ಅವಳ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ. ಅಕೌಂಟ್ ಇದ್ದದ್ದು ಅವಳು ಯಾವತ್ತೋ ಬಿಟ್ಟ ಮೊಬೈಲ್ ನಂಬರಿನ ಮೇಲೆ. ಕೊನೆಗೆ ಹಳೇ ಇಮೇಲ್ ಹುಡುಕಿ ಒಳಗೆ ಹೋದೆವು. ಆ ಸಂಜೆ ಮನೆಯಲ್ಲಿ ಕಾಫಿ ಸಿಗಲಿಲ್ಲ.

ನಿಮ್ಮ ವಿಷಯಕ್ಕೆ ಬರ್ತೀನಿ. ತಂದೆಯವರಿಗೆ ನಿಜವಾಗಿ ಕಾಡುತ್ತಿರುವುದು ಅದು ನಿಧಾನ ಅನ್ನುವುದು, ಅಲ್ವಾ? ಅದಕ್ಕೆ ಕಾರಣ ಹಾರ್ಡ್‌ಡಿಸ್ಕ್ ಮತ್ತು ಆ 4 ಜಿಬಿ. ಎಸ್.ಪಿ. ರೋಡ್‌ಗೆ ಹೋಗಿ, ಆದರೆ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಜಾಗಕ್ಕೆ ಹಾಕುವ ವೇಗದ ಡಿಸ್ಕ್) ತರೋಕೆ ಹೋಗಿ. ಆ ಕಾಲದ ಬಹಳಷ್ಟು ಲ್ಯಾಪ್‌ಟಾಪ್‌ಗಳಿಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಖಾತ್ರಿಗೆ ಮಾಡೆಲ್ ನಂಬರ್ ಫೋಟೋ ತೆಗೆದುಕೊಂಡು ಹೋಗಿ. ರ‍್ಯಾಮ್ 8 ಜಿಬಿ ಮಾಡಿಸಿ. ಹಳೇ ಡಿಸ್ಕನ್ನು ಹೊಸದಕ್ಕೆ ಕ್ಲೋನ್ ಮಾಡಿಸಿ, ಅಂದರೆ ಇದ್ದದ್ದು ಇದ್ದ ಹಾಗೇ ಪೂರ್ತಿ ನಕಲು, ಫಾರ್ಮ್ಯಾಟ್ ಮಾಡುವ ಮಾತೇ ಬೇಡ. ನುಡಿ, ಫಾಂಟು, ಡೆಸ್ಕ್‌ಟಾಪಿನ ಐಕಾನ್, ಎಲ್ಲಾ ಇದ್ದಲ್ಲೇ ಇರುತ್ತವೆ. ಬಿಚ್ಚಿದಾಗ ಬ್ಯಾಟರಿ ಊದಿದೆಯಾ ನೋಡೋಕೆ ಹೇಳಿ. ಊದಿದ್ದರೆ ಮೊದಲು ಅದನ್ನು ಬದಲಿಸಿ. ಕ್ಲೋನ್ ಆಗುವಾಗ ಎದುರಿಗೇ ಕೂತಿರಿ. ಬೇಸರವಾದರೆ ರಸ್ತೆಯಲ್ಲಿ ನೋಡೋಕೆ ಬೇಕಾದಷ್ಟಿದೆ, ಆದರೂ ಕೂತಿರಿ.

ಇಎಸ್‌ಯು ಮುಗಿದ ಮೇಲೆ ವಿಂಡೋಸ್ ಬದಲಿಗೆ ಹಾಕುವ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ಯೋಚಿಸಬಹುದು. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ಓಡಿಸಿ ನೋಡಬಹುದು. ನುಡಿ ಸಾಫ್ಟ್‌ವೇರ್ ವಿಂಡೋಸ್‌ನದ್ದು, ಆದರೆ ಅದರ ಕೀಲಿಮಣೆ ವಿನ್ಯಾಸ ಅಲ್ಲೂ ಕೆಜಿಪಿ ಹೆಸರಿನಲ್ಲಿ ಸಿಗುತ್ತದೆ, ಬೆರಳಿಗೆ ಹೊಸ ಪಾಠ ಬೇಕಿಲ್ಲ. ಒಂದು ಭಾನುವಾರ ಅವರನ್ನು ಕೂರಿಸಿ ತೋರಿಸಿ. ಮುಖ ಸಿಂಡರಿಸಿದರೆ ಒತ್ತಾಯ ಮಾಡಬೇಡಿ.

ಎಸ್.ಪಿ. ರೋಡ್‌ಗೆ ಮಾತ್ರ ಭಾನುವಾರ ಬೇಡ, ಬಹುತೇಕ ಅಂಗಡಿ ಬಾಗಿಲು ಹಾಕಿರುತ್ತವೆ. ಬರುವಾಗ ಹಳೇ ಹಾರ್ಡ್‌ಡಿಸ್ಕನ್ನು ಕೇಳಿ ತಗೊಳ್ಳಿ. ಅದಕ್ಕೊಂದು ಯುಎಸ್‌ಬಿ ಕೇಸ್ ಹಾಕಿಸಿ ಬೀರುವಿನಲ್ಲಿಡಿ. ಏನೂ ಅಳಿಸಬೇಡಿ.