ಟೀ ಕುಡಿಯುವ ಅಭ್ಯಾಸ ಎಲ್ಲಿಂದ ಬಂತು? ಅದು ಆರೋಗ್ಯಕ್ಕೆ ನಿಜವಾಗಿಯೂ ಒಳ್ಳೆಯದಾ?

ಟೀ ಹುಟ್ಟಿದ್ದು ಚೀನಾದಲ್ಲಿ. ಶೆನ್ನಾಂಗ್ ದೊರೆಯ ಬಿಸಿನೀರಿಗೆ ಎಲೆ ಬಿದ್ದ ಕಥೆ ಎಲ್ಲರೂ ಹೇಳ್ತಾರೆ, ಆದರೆ ಅದು ದಂತಕಥೆ. ಗಟ್ಟಿ ಸಾಕ್ಷಿ ಬೇರೆಯೇ ಇದೆ. ಕ್ರಿ.ಪೂ. 141ರಲ್ಲಿ ತೀರಿಕೊಂಡ ಹಾನ್ ದೊರೆ ಜಿಂಗ್‌ನ ಸಮಾಧಿಯಲ್ಲಿ ಟೀ ಎಲೆಗಳು ಸಿಕ್ಕಿವೆ. ಮೊದಲು ಅದನ್ನು ಔಷಧಿಯಂತೆ ಬಳಸುತ್ತಿದ್ದರು. ಟಾಂಗ್ ರಾಜವಂಶದ ಕಾಲಕ್ಕೆ (ಕ್ರಿ.ಶ. 618–907) ಅದು ದಿನನಿತ್ಯದ ಪಾನೀಯವಾಯಿತು.

ನನಗೆ ತುಂಬಾ ಇಷ್ಟದ ವಿಷಯ ಅದರ ಹೆಸರು. ಚೀನಾದಿಂದ ಭೂಮಾರ್ಗದಲ್ಲಿ ಹೋದ ಕಡೆ ಹೆಚ್ಚಾಗಿ 'ಚಾ' ಆಯಿತು. ಡಚ್ಚರು ಹಡಗಿನಲ್ಲಿ ಒಯ್ದ ಕಡೆ, ಚೀನಾದ ಫುಜಿಯಾನ್ ಪ್ರಾಂತ್ಯದ ಕರಾವಳಿಯ 'ತೆ' ಉಳಿಯಿತು. ಕನ್ನಡದಲ್ಲಿ ಚಹಾ, ಟೀ ಎರಡೂ ಇವೆ, ಅಲ್ವಾ?

ಇನ್ನು ಆರೋಗ್ಯ. ಗ್ರೀನ್ ಟೀ, ಕಪ್ಪು ಟೀ ಎರಡೂ ಒಂದೇ ಗಿಡದ್ದು; ಎಲೆ ಗಾಳಿಗೆ ಮಾಗಿದರೆ ಕಪ್ಪಾಗುತ್ತದೆ. ಎರಡರಲ್ಲೂ ಪಾಲಿಫಿನಾಲ್‌ಗಳು, ಅಂದರೆ ಗಿಡಗಳಲ್ಲಿರುವ ಒಂದು ಬಗೆಯ ಸಂಯುಕ್ತಗಳಿವೆ. ಕೆಫೀನ್ ಜೊತೆ ಥಿಯನೈನ್ ಎಂಬ ಅಮೈನೋ ಆಮ್ಲ ಇರುವುದರಿಂದ ಗಮನ ಹೆಚ್ಚುತ್ತದೆ. 2022ರಲ್ಲಿ ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಅಧ್ಯಯನ ಬಂತು. ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಕುಡಿಯುವವರಲ್ಲಿ ಸಾವಿನ ಅಪಾಯ ಶೇ. 9ರಿಂದ 13ರಷ್ಟು ಕಡಿಮೆ ಕಂಡಿತು. ಆದರೆ ಇದಕ್ಕೆ ಟೀಯೇ ಕಾರಣ ಅಂತ ಅದು ಸಾಬೀತು ಮಾಡಲಿಲ್ಲ. ತೂಕ ಕರಗಿಸುತ್ತದೆ ಎಂಬ ಮಾತನ್ನು ಸುಮ್ನೆ ನಂಬಬೇಡಿ.

ರಕ್ತಹೀನತೆ ಇದ್ದವರು ಊಟದ ಜೊತೆ ಕುಡಿಯಬೇಡಿ, ಕಬ್ಬಿಣಾಂಶ ಹೀರುವುದನ್ನು ಅದು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿಯಾದದ್ದು ಅನ್ನನಾಳಕ್ಕೆ ಒಳ್ಳೆಯದಲ್ಲ, ಸ್ವಲ್ಪ ಆರಲು ಬಿಡಿ.