ಮರಳುಗಾಡಿನಲ್ಲಿ ಬೆವರನ್ನು ನಂಬಬೇಡಿ

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಪತ್ನಿ ಮತ್ತು ಇಬ್ಬರು ಮಕ್ಕಳೊಂದಿಗೆ ಜೈಸಲ್ಮೇರ್‌ಗೆ ಹೋಗುವ ಯೋಚನೆಯಿದೆ. ಒಂಟೆ ಸವಾರಿ, ಜೀಪ್ ಸಫಾರಿ, ಮರಳಿನ ನಡುವೆ ಡೇರೆಯಲ್ಲಿ ಎರಡು ರಾತ್ರಿ ಎಂದು ಏಜೆಂಟರು ಪಟ್ಟಿ ಕೊಟ್ಟಿದ್ದಾರೆ. ಇಷ್ಟೆಲ್ಲ ಬೇಕೇ? ಬಿಸಿಲಿಗೆ ಏನು ಸಿದ್ಧತೆ ಮಾಡಿಕೊಳ್ಳಬೇಕು?
– ಓದುಗರು, ಶಿರಸಿ

ಉತ್ತರ: ಡೇರೆಯಲ್ಲಿ ಒಂದು ರಾತ್ರಿ ಸಾಕು. ಥಾರ್ ಎಂದರೆ ಕಣ್ಣು ಹಾಯುವವರೆಗೂ ಮರಳ ದಿಬ್ಬ ಎಂದು ಮಕ್ಕಳು ಅಂದುಕೊಂಡಿದ್ದರೆ ಮೊದಲೇ ತಿಳಿಸಿ. ಜೈಸಲ್ಮೇರ್ ಸುತ್ತಲಿನ ನೆಲ ಬಹುಪಾಲು ಕಲ್ಲು, ಜಲ್ಲಿ, ಕುರುಚಲು ಗಿಡ. ಪ್ರವಾಸಿಗರನ್ನು ಕರೆದೊಯ್ಯುವ ದಿಬ್ಬಗಳು ಮುಖ್ಯವಾಗಿ ಎರಡು ಕಡೆ: ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದ ಸಮ್, ನೈಋತ್ಯಕ್ಕಿರುವ ಖುರಿ. ಸಮ್‌ನಲ್ಲಿ ಡೇರೆಗಳು ಸಾಲುಗಟ್ಟಿವೆ. ವರ್ಷಾಂತ್ಯದಲ್ಲಿ ಧ್ವನಿವರ್ಧಕದ ಅಬ್ಬರವೂ ಜೊತೆಗಿರುತ್ತದೆ. ನಕ್ಷತ್ರ ನೋಡುವ ಆಸೆಯಿದ್ದರೆ ಖುರಿಯನ್ನು ಆರಿಸಿಕೊಳ್ಳಿ. ಏಜೆಂಟರು ಸಮ್ ಅನ್ನೇ ಹೇಳುತ್ತಾರೆ, ನೀವು ಪಟ್ಟು ಬಿಡಬೇಡಿ.

ಉಳಿದ ದಿನವನ್ನು ಆಕಲ್‌ಗೆ ಕೊಡಿ. ಊರಿನಿಂದ 17 ಕಿಲೋಮೀಟರ್, ಬಾಡಮೇರ್ ರಸ್ತೆಯಲ್ಲಿ. ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರದ ಬೊಡ್ಡೆಗಳು ಕಲ್ಲಾಗಿ ಬಿದ್ದಿವೆ. ಈಗ ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಆ ನೆಲದಲ್ಲಿ ಒಂದು ಕಾಲಕ್ಕೆ ಕಾಡಿತ್ತು ಎಂಬುದನ್ನು, ಕಾಡಿನ ನಡುವೆಯೇ ಬೆಳೆದ ಮಕ್ಕಳು ಕಣ್ಣಾರೆ ನೋಡಲಿ. ಜೀಪಿನ ಕುಲುಕಾಟಕ್ಕಿಂತ ಇದು ಹೆಚ್ಚು ಕಾಲ ನೆನಪಿರುತ್ತದೆ ಎಂಬುದು ನನ್ನ ಎಣಿಕೆ.

ಒಂಟೆ ಸವಾರಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಇರಲಿ. ಒಂಟೆ ಏಳುವಾಗ ಹಿಂಗಾಲುಗಳನ್ನು ಮೊದಲು ಎತ್ತುತ್ತದೆ. ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಆದ್ದರಿಂದ ಮೊದಲೇ ಹಿಂದಕ್ಕೆ ವಾಲಿ, ಜೀನಿನ ಹಿಡಿಯನ್ನು ಬಿಗಿಯಾಗಿ ಹಿಡಿದಿರಿ. ಇಳಿಯುವಾಗ ಅದು ಮುಂಗಾಲನ್ನು ಮೊದಲು ಮಡಿಸುತ್ತದೆ, ಆಗಲೂ ಹಿಂದಕ್ಕೇ ವಾಲಬೇಕು. ಒಂದೇ ಬದಿಯ ಎರಡು ಕಾಲುಗಳನ್ನು ಒಟ್ಟಿಗೆ ಇಡುತ್ತಾ ನಡೆಯುವುದರಿಂದ ಮೈ ಅತ್ತಿತ್ತ ತೂಗುತ್ತದೆ. ಬಿಗಿ ಜೀನ್ಸ್ ತೊಟ್ಟರೆ ತೊಡೆ ಸುಲಿಯುವುದು ಖಚಿತ. ಹತ್ತುವ ಮುನ್ನ ಜೀನಿನ ಕೆಳಗೆ, ಮೂಗಿನ ಬಳಿ ಹುಣ್ಣಿದೆಯೇ ನೋಡಿ. ಇದ್ದರೆ ಬೇರೆ ಒಂಟೆ ಕೇಳಿ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಉಳಿದಿದ್ದದ್ದು ಸುಮಾರು ಎರಡೂವರೆ ಲಕ್ಷ ಒಂಟೆಗಳು, ಹಿಂದಿನ ಗಣತಿಯಿಂದೀಚೆಗೆ ಸಂಖ್ಯೆ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಕುಸಿದಿತ್ತು.

ಇನ್ನು ಬಿಸಿಲಿನ ಮಾತು. ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿರುವುದು ಚಳಿ, ಅದೇ ನಿಮ್ಮನ್ನು ಕಾಡುವುದು. ಗಾಳಿಯಲ್ಲಿ ತೇವವಿಲ್ಲ, ಮೇಲೆ ಮೋಡವಿಲ್ಲ. ಹಗಲು ಕಾದ ಮರಳು ಕತ್ತಲಾದೊಡನೆ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಡಿಸೆಂಬರ್–ಜನವರಿಯ ರಾತ್ರಿ 7–8 ಡಿಗ್ರಿಗೆ ಇಳಿಯುವುದು ಅಲ್ಲಿ ಸಾಮಾನ್ಯ. ಶಿರಸಿಯ ಚಳಿಗೆ ತೊಡುವ ಒಂದು ಸ್ವೆಟರ್ ಸಾಲದು. ಟೊಪ್ಪಿ, ಕಾಲುಚೀಲ, ಗಾಳಿ ತಡೆಯುವ ಜಾಕೆಟ್ ಬೇಕು.

ಹಗಲಿನ ಅಪಾಯ ಬೇರೆ. ನಮ್ಮ ಕಡೆ ಬೆವರು ಮೈಗೆ ಅಂಟಿದಾಗ ನೀರಿನ ನೆನಪಾಗುತ್ತದೆ. ಅಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಒಣಗಾಳಿ ಅಲ್ಲಲ್ಲೇ ಹೀರಿಬಿಡುತ್ತದೆ. ತುಟಿ ಒಡೆದು, ತಲೆ ಸಿಡಿದು, ಮೂತ್ರ ಕಡು ಹಳದಿಯಾದ ಮೇಲೆ ಎಚ್ಚರಗೊಂಡರೆ ತಡವಾಗಿರುತ್ತದೆ. ಬಾಯಾರಿಕೆಗೆ ಕಾಯದೆ ಗಡಿಯಾರ ನೋಡಿ ಕುಡಿಯಿರಿ, ಮಕ್ಕಳಿಗೂ ಕುಡಿಸಿ. ಮನೆಯಲ್ಲಿ ಮುರುಗಲು ಪಾನಕವಿದ್ದರೆ ಒಂದು ಬಾಟಲಿ ಒಯ್ಯಿರಿ. ಚಿಟಿಕೆ ಉಪ್ಪು ಬೆರೆಸಿದರೆ ಮಕ್ಕಳು ಬೇಡ ಎನ್ನುವುದಿಲ್ಲ.

ಸಸ್ಯಾಹಾರದ ಚಿಂತೆ ಬೇಡ. ದಾಲ್ ಬಾಟಿ, ಕೇರ್ ಸಾಂಗ್ರಿ ಪಲ್ಯ, ಸಜ್ಜೆ ರೊಟ್ಟಿ ಎಲ್ಲೆಲ್ಲೂ ಸಿಗುತ್ತವೆ. ಹುಬ್ಬಳ್ಳಿಯ ಮೂಲಕ ಜೋಧಪುರಕ್ಕೆ ರೈಲಿದೆ, ಅಲ್ಲಿಂದ ಜೈಸಲ್ಮೇರ್ ಐದಾರು ಗಂಟೆಯ ದಾರಿ.

ಪ್ರಶ್ನೆ: ಮಗ ದುಬೈಯಲ್ಲಿದ್ದಾನೆ. ನನ್ನ ತಾಯಿಗೆ 68 ವರ್ಷ, ಸೊಂಟನೋವಿದೆ. ಮರಳುಗಾಡು ನೋಡಲೇಬೇಕು ಎನ್ನುತ್ತಾರೆ. ಕರೆದುಕೊಂಡು ಹೋಗಬಹುದೇ?
– ಓದುಗರು, ಭಟ್ಕಳ

ಉತ್ತರ: ಕರೆದುಕೊಂಡು ಹೋಗಿ, ಆದರೆ ದಿಬ್ಬ ಹಾರಿಸುವ ಜೀಪಿನಲ್ಲಿ ಖಂಡಿತ ಬೇಡ. ಮರಳಿಗಿಳಿಯುವ ಮುನ್ನ ಚಾಲಕರು ಟೈರಿನ ಗಾಳಿಯನ್ನು ಅರ್ಧದಷ್ಟಾದರೂ ಇಳಿಸುತ್ತಾರೆ; ಟೈರು ಅಗಲವಾಗಿ ಹರಡಿಕೊಂಡು ಹೂತುಹೋಗದೆ ಓಡುತ್ತದೆ. ಆಮೇಲಿನ ಏರು, ಬೀಳು, ಪಕ್ಕಕ್ಕೆ ಜಾರುವ ಆಟ ಬೆನ್ನುಮೂಳೆಯ ಮೇಲೆಯೇ ಬೀಳುತ್ತದೆ. ಬೆನ್ನು, ಹೃದಯದ ತೊಂದರೆ ಇರುವವರನ್ನು, ಗರ್ಭಿಣಿಯರನ್ನು ಒಳ್ಳೆಯ ಸಂಸ್ಥೆಗಳು ಹತ್ತಿಸಿಕೊಳ್ಳುವುದಿಲ್ಲ. ‘ಏನೂ ಆಗುವುದಿಲ್ಲ ಬನ್ನಿ’ ಎನ್ನುವವರಿಂದ ದೂರವಿರಿ.

ರಸ್ತೆಯ ಮೂಲಕ ನೇರ ಶಿಬಿರಕ್ಕೆ ಬಿಡುವ ವ್ಯವಸ್ಥೆಯನ್ನು ಕೇಳಿ ಪಡೆಯಬಹುದು. ಇನ್ನೂ ಉತ್ತಮ ಎಂದರೆ ದುಬೈ ಮರುಭೂಮಿ ಸಂರಕ್ಷಿತ ಪ್ರದೇಶದ ನಿಧಾನ ಸವಾರಿ. ಸುಮಾರು 225 ಚದರ ಕಿಲೋಮೀಟರ್‌ನ ಆ ನೆಲದಲ್ಲಿ ಬಿಳಿ ಮೈಯ, ನೀಳ ಕೊಂಬಿನ ಅರೇಬಿಯನ್ ಓರಿಕ್ಸ್‌ಗಳನ್ನು ನೋಡಬಹುದು. 1970ರ ದಶಕದ ಆರಂಭದಲ್ಲಿ ಕಾಡಿನಿಂದ ಸಂಪೂರ್ಣ ಅಳಿದು, ಸಾಕಿದ ಹಿಂಡುಗಳಿಂದ ಮತ್ತೆ ಬೆಳೆಸಿದ ಪ್ರಾಣಿ ಅದು. ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ.

ಮಗನಿಗೆಂದು ಕಟ್ಟುವ ಗಂಟಿನಲ್ಲಿ ಗಸಗಸೆ ಇರಕೂಡದು. ಆ ದೇಶದಲ್ಲಿ ಅದು ನಿಷಿದ್ಧ, ಸಿಕ್ಕಿಬಿದ್ದರೆ ಪಾಯಸಕ್ಕೆ ತಂದೆವು ಎಂಬ ಮಾತು ನಡೆಯುವುದಿಲ್ಲ. ಅಮ್ಮನ ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್ ಅಥವಾ ಕೊಡೀನ್ ಇದೆಯೇ ಎಂದು ವೈದ್ಯರಲ್ಲಿ ವಿಚಾರಿಸಿ. ಇವಕ್ಕೆ ಅಲ್ಲಿ ಮುಂಗಡ ಅನುಮತಿ ಬೇಕು. ಉಳಿದ ಮಾತ್ರೆಗಳಿಗೂ ವೈದ್ಯರ ಚೀಟಿ ಜೊತೆಗಿರಲಿ.

ಪ್ರಶ್ನೆ: ಕ್ಯಾಮೆರಾ ಒಯ್ಯುತ್ತಿದ್ದೇನೆ. ಕಡಲತೀರದಲ್ಲಿ ಬಳಸಿ ಅಭ್ಯಾಸವಿದೆ. ಬೇರೆ ಜಾಗ್ರತೆ ಬೇಕೇ?
– ಓದುಗರು, ಕಾರವಾರ

ಉತ್ತರ: ಬೇಕು. ಟಾಗೋರ್ ಕಡಲತೀರದ ಒದ್ದೆ ಮರಳು ಬಿದ್ದಲ್ಲೇ ಕೂರುತ್ತದೆ, ಮರಳುಗಾಡಿನದು ಹಾರುತ್ತದೆ. ಬಯಲಲ್ಲಿ ಲೆನ್ಸ್ ಬದಲಿಸಬೇಡಿ. ಧೂಳು ಕೂತರೆ ಬಟ್ಟೆಯಿಂದ ಒರೆಸದೆ ರಬ್ಬರ್ ಊದುಗದಿಂದ ಹಾರಿಸಿ. ಒರೆಸಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಸಂಜೆಯ ಹೊತ್ತಿಗೆ ಸಮ್ ದಿಬ್ಬದ ತುಂಬ ಹೆಜ್ಜೆಗುರುತು, ಚಿಪ್ಸ್ ಪೊಟ್ಟಣ. ರಾತ್ರಿ ಗಾಳಿ ಬೀಸಿದ್ದರೆ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲೇ ಹತ್ತಿ ಕುಳಿತುಕೊಳ್ಳಿ. ಮರಳಿನ ಗೆರೆಗಳು ಆಗ ಹೊಸದಾಗಿರುತ್ತವೆ, ಓರೆಬೆಳಕಿನಲ್ಲಿ ಅವುಗಳ ನೆರಳೂ ಚೆನ್ನಾಗಿ ಮೂಡುತ್ತದೆ.