ಮನೆ ಮಾತು: ಮಲಗುವ ಕೋಣೆ ಯಾರದು?

ಹೋದ ಸಲ ಅಡುಗೆಮನೆ ಬಗ್ಗೆ ಬರೆದು, ಮುಂದಿನ ಸಲ ಮಲಗುವ ಕೋಣೆ ಬಗ್ಗೆ ಮಾತಾಡೋಣ, ಪ್ರಶ್ನೆ ಕಳಿಸಿ ಅಂದಿದ್ದೆ. ಯಾವ ಮಂಚ ತಗೊಳ್ಳಲಿ, ಎಷ್ಟು ದೊಡ್ಡ ವಾರ್ಡ್‌ರೋಬ್ ಮಾಡಿಸಲಿ ಅನ್ನುವ ಪ್ರಶ್ನೆಗಳೇ ಬರುತ್ತವೆ ಅಂದುಕೊಂಡಿದ್ದೆ. ಬಂದದ್ದು ಬೇರೆ. ನಾನು ಮಲಗುವ ಕೋಣೆ ನನ್ನದು ಅನ್ನಿಸುತ್ತಿಲ್ಲ ಅಂತ ಬರೆದವರೇ ಜಾಸ್ತಿ. ಹಾಗಾಗಿ ಈ ಸಲ ಅಳತೆಯ ಮಾತು ಕಡಿಮೆ.

ಪ್ರಶ್ನೆ: ಅಕ್ಕಾ, ನನಗೆ 49 ವರ್ಷ. ಮಗಳ ಮದುವೆಯಾಗಿ ಒಂದು ವರ್ಷವಾಯಿತು. ಅವಳ ಕೋಣೆಯಲ್ಲಿ ಈಗ ಹಳೆ ಕೂಲರ್, ಜೋಳದ ಚೀಲ, ನಮ್ಮ ಯಜಮಾನರ ಫೈಲು ಎಲ್ಲ ಬಂದು ಕೂತಿವೆ. ಆ ಕೋಣೆ ನನಗೆ ಕೊಡಿ ಅಂತ ಕೇಳಿದೆ. ಹೊಲಿಗೆ ಮಷಿನ್ ಇಟ್ಟುಕೊಂಡು, ಮಧ್ಯಾಹ್ನ ಒಂದು ತಾಸು ಬಾಗಿಲು ಹಾಕಿಕೊಂಡು ಮಲಗಬೇಕು ಅಂತ ಆಸೆ. "ಇಡೀ ಮನಿ ನಿಂದ ಅದ, ಮತ್ತ ಬ್ಯಾರೆ ಕೋಣೆ ಯಾಕ ಬೇಕು?" ಅಂತ ಎಲ್ಲರೂ ನಗುತ್ತಾರೆ. ನಾನು ಕೇಳಿದ್ದು ತಪ್ಪೇ?
– ಗೃಹಿಣಿ, ಧಾರವಾಡ

ಉತ್ತರ: ತಪ್ಪಲ್ಲ. ಕೇಳಿದ್ದು ತಡವಾಯಿತು ಅಷ್ಟೆ, ಅದೂ ನಿಮ್ಮ ತಪ್ಪಲ್ಲ.

ಇಡೀ ಮನೆ ನಿನ್ನದು ಅನ್ನುವ ಮಾತನ್ನು ಅವರು ಪ್ರೀತಿಯಿಂದಲೇ ಆಡಿರಬಹುದು. ಆದರೆ ಆ ಇಡೀ ಮನೆಯಲ್ಲಿ ನೀವು ಎಲ್ಲಿ ಕೂತರೂ ಯಾರೋ ಕರೆಯುತ್ತಾರೆ, ಕರೆದ ಕೂಡಲೇ ನೀವು ಏಳುತ್ತೀರಿ, ಚಹಾ ಇಡುತ್ತೀರಿ, ಬಂದು ನೋಡಿದರೆ ಕೂತಿದ್ದ ಜಾಗದಲ್ಲಿ ಬೇರೆ ಯಾರೋ ಕೂತಿರುತ್ತಾರೆ. ನೀವು ಕೇಳುತ್ತಿರುವುದು ಯಾರೂ ಕರೆಯದ ಒಂದು ತಾಸು. ಅದಕ್ಕೆ ಒಂದು ಬಾಗಿಲು ಬೇಕು. ಇದನ್ನು ಯಜಮಾನರಿಗೆ ಇದೇ ಮಾತಿನಲ್ಲಿ ಹೇಳಿ ನೋಡಿ.

ನಮ್ಮ ಹಳೆ ಮನೆಗಳಲ್ಲಿ ಗಂಡಸರು ಪಡಸಾಲೆಯಲ್ಲೋ ಕಟ್ಟೆ ಮೇಲೋ ಮಲಗುತ್ತಿದ್ದರು, ಹೆಂಗಸರು ಮಕ್ಕಳನ್ನು ಮಗ್ಗುಲಿಗೆ ಹಾಕಿಕೊಂಡು ನಡುಮನೆಯಲ್ಲಿ. ಹೆಣ್ಣುಮಕ್ಕಳಿಗೆ ಬಾಗಿಲಿರುವ ಕೋಣೆ ಅಂತ ಸಿಕ್ಕಿದರೆ ಅದು ಬಾಣಂತನದಲ್ಲಿ ಮಾತ್ರ. ನನ್ನ ಅಜ್ಜಿಗೆ ಸ್ವಂತ ಅಂತ ಇದ್ದದ್ದು ಒಂದು ಕಬ್ಬಿಣದ ಟ್ರಂಕು. ಮುಚ್ಚಳದ ಒಳಮೈಗೆ ಕ್ಯಾಲೆಂಡರಿನ ಸರಸ್ವತಿ ಚಿತ್ರ ಅಂಟಿಸಿದ್ದರು, ಸೀರೆ ಮಡಿಕೆಗಳ ನಡುವೆ ಒಣಗಿದ ದವನ. ಬೀಗದ ಕೈ ಸೆರಗಿನ ತುದಿಯಲ್ಲಿ. ಅವರು ಟ್ರಂಕು ತೆಗೆದು ಕೂತಾಗ ನಾವು ಯಾರೂ ಮಾತಾಡಿಸುತ್ತಿರಲಿಲ್ಲ. ಯಾರೂ ಹೇಳಿಕೊಟ್ಟ ನಿಯಮವಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಷ್ಟು ಗೌರವ ನಿಮಗೂ ಸಿಗಬೇಕು ಅಂತ ನನ್ನ ಆಸೆ.

ಈಗ ಕೆಲಸದ ಮಾತು. ಮೊದಲು ಮಗಳಿಗೆ ಫೋನ್ ಮಾಡಿ. ಅದು ಅವಳ ತವರು ಮನೆ, ಅವಳಿಗೆ ತಿಳಿಸದೆ ಅವಳ ಸಾಮಾನು ಸರಿಸಿದರೆ ಮುಂದಿನ ಸಲ ಬಂದಾಗ ಅವಳಿಗೆ ನೋವಾಗುತ್ತದೆ. ಕಪಾಟಿನ ಒಂದು ಅರೆ ಅವಳಿಗೇ ಬಿಡಿ, ಅವಳ ಮಂಚವೂ ಇರಲಿ, ಹೊಸದು ಕೊಳ್ಳುವ ಖರ್ಚು ಉಳಿಯಿತು. ಆಮೇಲೆ ಜೋಳದ ಚೀಲ ಆಚೆ ಹಾಕಿಸಿ. ಹುಳ ಬೀಳುವ ಕಾಳನ್ನು ಮಲಗುವ ಜಾಗದಲ್ಲಿ ಇಡಬಾರದು, ಈ ಕಾರಣ ಹೇಳಿದರೆ ಯಾರೂ ಎದುರು ಆಡುವುದಿಲ್ಲ. ಕೂಲರ್ ಕೆಟ್ಟಿದ್ದರೆ ಗುಜರಿಗೆ, ಚೆನ್ನಾಗಿದ್ದರೆ ಬೇಸಿಗೆವರೆಗೆ ಅಟ್ಟಕ್ಕೆ. ಕೋಣೆ ಪೂರ್ತಿ ಖಾಲಿಯಾದ ಮೇಲೆ ಒಂದು ದಿನ ಹಾಗೇ ಬಿಡಿ. ಬೆಳಿಗ್ಗೆ ಬಿಸಿಲು ಎಲ್ಲಿಗೆ ಬೀಳುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿ. ಮಷಿನ್ ಕಿಟಕಿ ಹತ್ತಿರ ಇಡಿ, ಬೆಳಕು ಎಡಗಡೆಯಿಂದ ಬಂದರೆ ಬಲಗೈ ನೆರಳು ಹೊಲಿಗೆ ಮೇಲೆ ಬೀಳುವುದಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ? ಇಲ್ಲದಿದ್ದರೆ ಈ ವಾರವೇ ಹಾಕಿಸಿ. ಬಣ್ಣ, ಕರ್ಟನ್ ಎಲ್ಲ ನಿಧಾನಕ್ಕೆ ಆಗಲಿ.

ಹೊಲಿಗೆ ಮಷಿನ್ ಇಟ್ಟುಕೊಳ್ಳಬೇಕು ಅಂದಿರಿ. ಹಾಗಾದರೆ ಆ ಕೋಣೆಯಲ್ಲಿ ಮೊದಲು ಮಾಡುವ ಕೆಲಸ ಒಂದು ಕೌದಿ, ಅಂದರೆ ಹಳೆ ಬಟ್ಟೆ ಸೇರಿಸಿ ಹೊಲಿದ ಹೊದಿಕೆ, ಆಗಲಿ. ನಿಮ್ಮ ಅವ್ವನ ಸೀರೆ, ಮಗಳ ಚಿಕ್ಕಂದಿನ ಲಂಗ, ಯಜಮಾನರ ಹಳೆ ಪಂಚೆ ಏನಿದೆಯೋ ಅದು. ನಿಮ್ಮ ಕಡೆ ಕೌದಿ ಹೊಲಿಯೋದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಒಂದು ವಿಷಯ ಹೇಳುತ್ತೇನೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಅನ್ನುವ ಕೌದಿ ಇದೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಬರುತ್ತಾರೆ, ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೊಲಿಯುತ್ತಾರೆ. ಅದಕ್ಕೆ ಫುಲ, ಅಂದರೆ ಹೂವು ಅಂತ ಹೆಸರು. ಹೂವಿಲ್ಲದ ಕವಂದಿ ಮೈಮೇಲೆ ಬಟ್ಟೆಯಿಲ್ಲದ ಹಾಗೆ ಅಂತ ಅವರು ಅಂದುಕೊಳ್ಳುತ್ತಾರೆ. ಆ ಮೂಲೆಗಳಿಂದ ಬೆಚ್ಚಗೇನೂ ಆಗುವುದಿಲ್ಲ, ಆದರೂ ಯಾರೂ ಬಿಡುವುದಿಲ್ಲ. ನಿಮ್ಮ ಕೌದಿಗೂ ನಿಮಗೆ ಇಷ್ಟವಾದ ಬಣ್ಣದಲ್ಲಿ ನಾಲ್ಕು ಮೂಲೆ ಮಾಡಿ. ನೆಲಕ್ಕೆ ಏನಾದರೂ ಹಾಸಬೇಕು ಅನ್ನಿಸಿದರೆ ನಿಮ್ಮ ಜಿಲ್ಲೆಯದೇ ನವಲಗುಂದದ ಜಮಖಾನ ಇದೆ. ಅದನ್ನು ನೇಯುವವರೂ ಹೆಂಗಸರೇ, ಅದರ ನವಿಲು, ಪಗಡೆ ಹಾಸಿನ ಚಿತ್ತಾರ ನೋಡಿದರೆ ಕೋಣೆಗೆ ಬೇರೆ ಅಲಂಕಾರ ಬೇಕು ಅನ್ನಿಸುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಪಿಜಿಯಲ್ಲಿ ಮೂವರು ಶೇರಿಂಗ್. ನನಗೆ ಇರುವುದು ಎರಡು ಅಂತಸ್ತಿನ ಮಂಚದಲ್ಲಿ ಕೆಳಗಿನದು, ಒಂದು ಚಿಕ್ಕ ಕಬೋರ್ಡ್. ಬಂದು ಎಂಟು ತಿಂಗಳಾಯಿತು, ಇನ್ನೂ ಬ್ಯಾಗ್‌ನಿಂದಲೇ ಬಟ್ಟೆ ತೆಗೆದು ಹಾಕಿಕೊಳ್ಳುತ್ತೇನೆ. ಇಷ್ಟು ಜಾಗದಲ್ಲಿ ನನ್ನದು ಅಂತ ಏನು ಮಾಡಲಿ ಅಕ್ಕ?
– ಹಾಸನ ಜಿಲ್ಲೆಯ ಹುಡುಗಿ

ಉತ್ತರ: ಇವತ್ತು ರಾತ್ರಿಯೇ ಆ ಬ್ಯಾಗ್ ಖಾಲಿ ಮಾಡಮ್ಮಾ. ಬಟ್ಟೆಯನ್ನೆಲ್ಲ ಕಬೋರ್ಡಿಗೆ ಹಾಕಿ, ಬ್ಯಾಗ್ ಮಂಚದ ಕೆಳಗೆ ತಳ್ಳು. ಎಂಟು ತಿಂಗಳಿಂದ ನೀನು ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ ಬದುಕುತ್ತಿದ್ದೀಯ.

ಊರಿಗೆ ಹೋದಾಗ ಅಮ್ಮನ ಹತ್ತಿರ ಹಳೆ ಕಾಟನ್ ಸೀರೆ ಒಂದು ಕೇಳಿ ತಗೋ. ಸೀರೆ ಸುಮಾರು 18 ಅಡಿ ಉದ್ದ. ಅದನ್ನು ಅರ್ಧ ಮಾಡಿದರೆ 9 ಅಡಿ, ನಿನ್ನ ಮಂಚ 6 ಅಡಿ. ಮೇಲಿನ ಮಂಚದ ಕಂಬಿಗೆ ದಾರವನ್ನೋ ಕರ್ಟನ್ ಸ್ಪ್ರಿಂಗನ್ನೋ ಕಟ್ಟಿ ಇಳಿಬಿಟ್ಟರೆ ನೆರಿಗೆ ಬೀಳುವ ಪರದೆ ಆಯಿತು. ಉಳಿದರ್ಧ ದಿಂಬಿನ ಕವರಿಗೆ. ಪರದೆ ಕಟ್ಟುವ ಮುಂಚೆ ಜೊತೆಯವರಿಗೆ ಒಂದು ಮಾತು ಹೇಳು, ಇಲ್ಲದಿದ್ದರೆ ಸಿಟ್ಟಾಗಿದ್ದಾಳೆ ಅಂದುಕೊಳ್ಳುತ್ತಾರೆ. ಕ್ಲಿಪ್ ಹಾಕುವ, ಚಾರ್ಜ್ ಆಗುವ ಚಿಕ್ಕ ದೀಪ ಒಂದು ತಲೆ ಹತ್ತಿರ ಇರಲಿ, ಅವರು ಮಲಗಿದ ಮೇಲೂ ಓದಬಹುದು. ಒಂದು ಎಚ್ಚರಿಕೆ: ಎಕ್ಸ್‌ಟೆನ್ಷನ್ ಬೋರ್ಡನ್ನು ಹಾಸಿಗೆ ಮೇಲೆ, ದಿಂಬಿನ ಕೆಳಗೆ ಎಳೆದುಕೊಳ್ಳಬೇಡ. ಪರದೆ ಒಳಗೆ ಊದುಬತ್ತಿ, ಸೊಳ್ಳೆ ಬತ್ತಿ ಬೇಡವೇ ಬೇಡ.

ಮೇಲೆ ನನ್ನ ಅಜ್ಜಿಯ ಟ್ರಂಕಿನ ಮುಚ್ಚಳದ ಬಗ್ಗೆ ಬರೆದೆ ನೋಡು, ನಿನ್ನ ಕಬೋರ್ಡ್ ಬಾಗಿಲಿನ ಒಳಮೈ ಅದೇ ಕೆಲಸಕ್ಕೆ ಇದೆ. ನಿಮ್ಮೂರ ಕೆರೆ ಫೋಟೋ, ತಮ್ಮ ಬರೆದ ಚಿತ್ರ, ನೀನು ಕಲಿಯಬೇಕು ಅಂದುಕೊಂಡಿರುವುದರ ಪಟ್ಟಿ, ಏನಾದರೂ ಸರಿ. ದಿನಾ ಬೆಳಿಗ್ಗೆ ತೆಗೆಯುತ್ತೀಯ, ನಿನಗೆ ಮಾತ್ರ ಕಾಣುತ್ತದೆ.

ಪ್ರಶ್ನೆ: ಬಾಡಿಗೆ ಮನೆ. ಓನರ್ ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ. ಬಿಳಿ ಗೋಡೆ ನೋಡಿ ನೋಡಿ ಸಾಕಾಗಿದೆ. ಏನು ಮಾಡಬಹುದು?
– ಹೊಸದಾಗಿ ಮದುವೆಯಾದವರು, ತುಮಕೂರು

ಉತ್ತರ: ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಕರಾರು ನಿಮ್ಮದರಲ್ಲೂ ಇದೆಯಾ ನೋಡಿ. ಇದ್ದರೆ ಧೈರ್ಯವಾಗಿ ಕೇಳಿ: ಹೇಗಿದ್ದರೂ ಆಮೇಲೆ ಬಣ್ಣ ಹೊಡೆಸುತ್ತೀರಿ, ಒಂದೇ ಒಂದು ಗೋಡೆಗೆ ನಮ್ಮ ಖರ್ಚಿನಲ್ಲಿ ತಿಳಿ ಬಣ್ಣ ಹಾಕಿಕೊಳ್ಳಬಹುದಾ ಅಂತ. ಒಪ್ಪಿದರೆ ಆ ಮಾತನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಬಣ್ಣ ಹಾಸಿಗೆ ಹೊದಿಕೆಯಲ್ಲಿ, ಕಿಟಕಿ ಪರದೆಯಲ್ಲಿ ಬರಲಿ. ಕಿಟಕಿ 4 ಅಡಿ ಇದ್ದರೆ 8 ಅಡಿ ಅಗಲದ ಬಟ್ಟೆ ತಗೊಳ್ಳಿ, ನೆರಿಗೆ ಇಲ್ಲದ ಪರದೆ ಟವೆಲ್ ಒಣಗಿಸಿದ ಹಾಗೆ ಕಾಣುತ್ತದೆ. ಅಂಟಿಸುವ ಹುಕ್ ಡಿಸ್ಟೆಂಪರ್ ಗೋಡೆಗೆ ನಿಲ್ಲುವುದಿಲ್ಲ, ಬೀಳುವಾಗ ಬಣ್ಣವನ್ನೂ ಕಿತ್ತುಕೊಂಡು ಬೀಳುತ್ತದೆ. ಫೋಟೋ ಫ್ರೇಮ್‌ಗಳನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿ ಇಡಿ. ಮದುವೆ ಫೋಟೋ ಒಂದೇ ಸಾಕು. ಉಳಿದ ಜಾಗ ಇಬ್ಬರಿಗೂ ಅರ್ಧರ್ಧ, ಅದರಲ್ಲಿ ಏನಿಡಬೇಕು ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಬಾರದು.

ಪ್ರಶ್ನೆ: ಮಗಳಿಗೆ 14 ವರ್ಷ. ಕೋಣೆ ತುಂಬ ಕೊರಿಯಾದ ಹಾಡುಗಾರರ ಪೋಸ್ಟರ್. ಈಗ ಗೋಡೆಗೆ ಕಪ್ಪು ಬಣ್ಣ ಬೇಕಂತೆ. ನಮ್ಮ ತಾಯಿ ಅಪಶಕುನ ಅಂತಾರೆ. ಯಾವಾಗಲೂ ಬಾಗಿಲು ಹಾಕಿಕೊಂಡಿರುತ್ತಾಳೆ, ನಾನು ಒಳಗೆ ಹೋದರೆ ಸಿಡುಕುತ್ತಾಳೆ.
– ಒಬ್ಬ ತಂದೆ, ಮೈಸೂರು

ಉತ್ತರ: ಸರ್, ಒಳಗೆ ಹೋಗುವಾಗ ಬಾಗಿಲು ತಟ್ಟುತ್ತೀರಾ? ಪತ್ರದಲ್ಲಿ ಆ ಮಾತಿಲ್ಲ, ಅದಕ್ಕೆ ಕೇಳಿದೆ. ತಟ್ಟಿ, ಅವಳು ಬಾ ಅಪ್ಪ ಅನ್ನುವವರೆಗೆ ಕಾಯಿರಿ. ಒಂದೆರಡು ವಾರ ಹೀಗೆ ಮಾಡಿ ನೋಡಿ, ಅರ್ಧ ಸಿಡುಕು ಇಳಿಯುತ್ತದೆ ಅಂತ ನನ್ನ ನಂಬಿಕೆ.

ಬಣ್ಣದ ವಿಷಯಕ್ಕೆ, ನಾಲ್ಕು ಗೋಡೆ ಕಪ್ಪು ಮಾಡಬೇಡಿ, ಚಿಕ್ಕ ಕೋಣೆ ಇನ್ನೂ ಇಕ್ಕಟ್ಟಾಗಿ ಕಾಣುತ್ತದೆ. ಮಂಚದ ತಲೆಯ ಹಿಂದಿನ ಒಂದು ಗೋಡೆ ಅವಳಿಗೆ ಬಿಟ್ಟುಕೊಡಿ. ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಡಬ್ಬಗಳಲ್ಲಿ ಕಪ್ಪು, ಕಡುನೀಲಿ, ಕಡುಹಸಿರು ಮೂರೂ ತನ್ನಿ. ಅವಳ ಕೈಯಿಂದಲೇ ಎರಡಡಿ ಚೌಕ ಹೊಡೆಸಿ. ಒಂದು ವಾರ ಬೆಳಗಿನ ಬೆಳಕಿನಲ್ಲಿ, ರಾತ್ರಿ ದೀಪದಲ್ಲಿ ನೋಡಲಿ, ಆಮೇಲೆ ಅವಳೇ ಹೇಳಲಿ. ಆಗಲೂ ಕಪ್ಪೇ ಬೇಕು ಅಂದರೆ ಕಪ್ಪೇ ಆಗಲಿ. ಮುಂದೆ ತಿಳಿ ಬಣ್ಣ ಬೇಕಾದಾಗ ಪ್ರೈಮರ್ ಹೊಡೆದು ಎರಡು ಮೂರು ಕೋಟ್ ಹಾಕಬೇಕಾಗುತ್ತದೆ ಅನ್ನುವುದನ್ನು ಈಗಲೇ ಅವಳಿಗೆ ಹೇಳಿಡಿ. ಪೋಸ್ಟರಿಗೆ ಡಬಲ್ ಟೇಪ್ ಬೇಡ, ದೊಡ್ಡದೊಂದು ಸಾಫ್ಟ್ ಬೋರ್ಡ್ ಹಾಕಿಸಿಕೊಡಿ, ಪಿನ್ ಚುಚ್ಚಿಕೊಳ್ಳಲಿ. ಅಜ್ಜಿಯನ್ನು ಒಪ್ಪಿಸುವುದು ನಿಮ್ಮ ಕೆಲಸ, ಅದನ್ನು ಮಗಳ ತಲೆಗೆ ಹಾಕಬೇಡಿ. ಆ ಹಾಡುಗಾರರ ಹೆಸರು ಕೇಳಿ ತಿಳಿದುಕೊಳ್ಳಿ. ಅವಳು ಗೋಡೆ ಮೇಲೆ ಹಾಕಿರುವುದು ಅವಳಿಗೆ ಮುಖ್ಯವಾದದ್ದು.

ಒಂದು ಮಾತು ಮಾತ್ರ ಗಮನದಲ್ಲಿರಲಿ. ಬಾಗಿಲು ಹಾಕಿಕೊಳ್ಳುವುದು ಈ ವಯಸ್ಸಿನ ಸಹಜ ಆಸೆ. ಆದರೆ ಊಟ ಬಿಡುವುದು, ನಿದ್ದೆ ಕೆಡುವುದು, ಗೆಳತಿಯರ ಜೊತೆ ಮಾತು ನಿಲ್ಲಿಸುವುದು ಇವು ಕಂಡರೆ ಅದು ಕೋಣೆಯ ವಿಷಯವಲ್ಲ. ಆಗ ಪಕ್ಕದಲ್ಲಿ ಕೂತು ಕೇಳಿ, ಬೇಕಾದರೆ ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ಬೆಡ್‌ರೂಮ್ ಚೆನ್ನಾಗಿಯೇ ಇದೆ, ಆದರೂ ಆಫೀಸಿನಲ್ಲಿ ಕೂತ ಹಾಗೆ ಅನ್ನಿಸುತ್ತದೆ. ಯಾಕೆ?
– ಕಲಬುರಗಿ

ಉತ್ತರ: ಬಲ್ಬ್ ನೋಡಿ. ಡಬ್ಬದ ಮೇಲೆ 6500 ಕೆಲ್ವಿನ್ ಅಥವಾ ಕೂಲ್ ಡೇಲೈಟ್ ಅಂತ ಇದ್ದರೆ ಅದು ಆಫೀಸಿನ ಬೆಳಕೇ. ಮಂಚದ ಪಕ್ಕಕ್ಕೆ 2700 ಅಥವಾ 3000 ಕೆಲ್ವಿನ್ ಇರುವ ವಾರ್ಮ್ ವೈಟ್ ಬಲ್ಬ್ ಹಾಕಿ, ರಾತ್ರಿ ಊಟದ ಮೇಲೆ ಟ್ಯೂಬ್‌ಲೈಟ್ ಆರಿಸಿಬಿಡಿ. ಲ್ಯಾಪ್‌ಟಾಪ್ ಮಂಚದ ಮೇಲೆ ಇದ್ದರೆ ಅದೂ ಆಚೆಗೆ.

ಪ್ರಶ್ನೆ: ಅಪ್ಪ ಹೋದ ಮೇಲೆ ಅಮ್ಮನನ್ನು ಸಾಗರದ ಹತ್ತಿರದ ಹಳ್ಳಿಯಿಂದ ಬೆಂಗಳೂರಿನ ನಮ್ಮ ಫ್ಲಾಟಿಗೆ ಕರೆದುಕೊಂಡು ಬಂದೆವು. 72 ವರ್ಷ. ಒಳ್ಳೆಯ ಕೋಣೆ ಕೊಟ್ಟಿದ್ದೇವೆ, ಎಸಿ ಇದೆ, ಟಿವಿ ಇದೆ. ಆದರೂ ಮಂಚದ ಅಂಚಿನಲ್ಲಿ ಕೂತಿರುತ್ತಾರೆ, ನೆಂಟರ ಮನೆಗೆ ಬಂದವರ ಹಾಗೆ. ಊರಲ್ಲಿ ಮದುವೆ ಮನೆಗಳಿಗೆ ಹಸೆ ಚಿತ್ತಾರ ಬರೆಯುತ್ತಿದ್ದವರು. ಈಗ ಏನೂ ಬೇಡ ಅಂತಾರೆ.
– ಮಗ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಆ ಕೋಣೆಯಲ್ಲಿ ಎಲ್ಲವನ್ನೂ ನೀವೇ ಇಟ್ಟಿದ್ದೀರಿ, ತುಂಬಾ ಪ್ರೀತಿಯಿಂದ. ಅಮ್ಮ ಇಟ್ಟದ್ದು ಒಂದೂ ಇಲ್ಲ.

ಮಂಚ ಎಲ್ಲಿರಬೇಕು, ತಲೆ ಯಾವ ದಿಕ್ಕಿಗೆ ಅಂತ ಅವರನ್ನು ಕೇಳಿ, ಅವರು ಹೇಳಿದ ಹಾಗೆ ಎಳೆದು ಹಾಕಿ. ಮಂಚ ಎತ್ತರವಾಯಿತಾ ನೋಡಿ, ಕೂತಾಗ ಅಂಗಾಲು ಪೂರ್ತಿ ನೆಲಕ್ಕೆ ತಾಗಬೇಕು. ಸ್ಪಾಂಜಿನ ದಿಂಬು ಅವರಿಗೆ ಆಗುತ್ತಿಲ್ಲದಿರಬಹುದು, ಊರ ಮನೆಯ ಬೂರುಗದ ಹತ್ತಿ ದಿಂಬು ಇದ್ದರೆ ಹತ್ತಿ ಹಿಂಜಿಸಿ ಹೊಸ ಬಟ್ಟೆಯಲ್ಲಿ ಹೊಲಿಸಿ ತನ್ನಿ. ಅವರ ಕಂಬಳಿ ಎಲ್ಲಿದೆ? ಅದೂ ಬರಲಿ, ಹಳೇದು ಅಂತ ಹೊಸದು ಕೊಡಿಸಬೇಡಿ. ಅಪ್ಪನ ಫೋಟೋವನ್ನು ನೀವು ಹಾಲ್‌ನಲ್ಲಿ ಹಾಕಿರಬಹುದು. ಇನ್ನೊಂದು ಪ್ರತಿ ಮಾಡಿಸಿ ಕೈಗೆ ಕೊಡಿ, ಎಲ್ಲಿಡಬೇಕು ಅಂತ ಅವರೇ ನೋಡಿಕೊಳ್ಳಲಿ.

ಇನ್ನು ಚಿತ್ತಾರ. ಮದುಮಕ್ಕಳು ಕೂರುವ ಜಾಗದ ಗೋಡೆಗೆ ಚಿತ್ತಾರ ಬರೆದ ಕೈಗೆ ನೀವು ಕೊಟ್ಟಿರುವುದು ಏನನ್ನೂ ಮುಟ್ಟಬಾರದ ಗೋಡೆ. ಸುಮ್ನೆ "ಬರಿ ಅಮ್ಮ" ಅಂದರೆ ಬೇಡ ಅಂತಲೇ ಅನ್ನುತ್ತಾರೆ, ಗೋಡೆ ಹಾಳಾದೀತು ಅನ್ನುವ ಸಂಕೋಚ. ಮೂರಡಿಗೆ ಎರಡಡಿಯ ಪ್ಲೈವುಡ್ ಹಲಗೆ ಒಂದು ತಂದು, ಕೆಮ್ಮಣ್ಣು ಬಳಿದು ಒಣಗಿಸಿ, ಅವರ ಮಂಚದ ಎದುರಿಗೆ ಒರಗಿಸಿ ಇಡಿ. ಬಿಳಿಗೆ ಅಕ್ಕಿ, ಕಪ್ಪಿಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಬರೆಯಲು ಪುಂಡಿ ನಾರು, ಇದೆಲ್ಲ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅಕ್ಕಿ ನೆನೆಸುವುದು ಎಷ್ಟು ಹೊತ್ತು ಅಂತ ನಿಮ್ಮ ಹೆಂಡತಿಯೋ ಮಕ್ಕಳೋ ಹೋಗಿ ಕೇಳಲಿ. ಪುಂಡಿ ನಾರು ಬೆಂಗಳೂರಿನಲ್ಲಿ ಹುಡುಕುತ್ತಾ ಕೂರಬೇಡಿ. ಈ ತಿಂಗಳೇ ಒಮ್ಮೆ ಅಮ್ಮನನ್ನು ಕರೆದುಕೊಂಡು ಊರಿಗೆ ಹೋಗಿ ಬನ್ನಿ, ಒಂದು ಡಬ್ಬ ಮಣ್ಣನ್ನೂ ಅಲ್ಲಿಂದಲೇ ತನ್ನಿ. ಯಾವ ದಿಬ್ಬದ ಮಣ್ಣು ಅಂತ ಅವರೇ ತೋರಿಸುತ್ತಾರೆ.